ಮೊಪೆಡ್ಡಿನ ನಂತರ ಬಂದ ಗಾಡಿಗಳು

ಮದುವೆಯಾದಾಗ ಗಂಡನ ಹತ್ತಿರ ಇದ್ದದ್ದು ಒಂದು ಸೈಕಲ್. ಅದೂ ಅವನದಲ್ಲ, ನೀರಿನ ಇಲಾಖೆಯದು. ಅವನು ಮೀಟರ್ ಓದುವವನು. ಬೀದಿ ಬೀದಿ ಸುತ್ತಿ, ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಗಾಜಿನ ಮೇಲಿನ ಕೆಸರು ಒರೆಸಿ ಅಂಕಿ ಬರೆದುಕೊಳ್ಳುವುದು ಅವನ ಕೆಲಸ. ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಊರಿನವರ ಮಾತಿಗೆ ಮಾತು ಜೋಡಿಸಿ, ಸಂಜೆ ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಭಾನುವಾರ ಅವನು ಕ್ಯಾರಿಯರ್ ಮೇಲೆ ಕಂಬಳಿ ಮಡಿಸಿ ಕಟ್ಟಿ ಅವಳನ್ನು ಕೂರಿಸಿಕೊಂಡು ಹೊರಡುತ್ತಿದ್ದ.

ಏರು ಬಂದರೆ ಅವನಿಗೆ ಉಸಿರು ಸಾಲದು. "ಇಳಿ ತಾಯಿ, ನಿನ್ನ ತೂಕ ಜಾಸ್ತಿಯಾಗಿದೆ" ಎನ್ನುವನು.

"ನನ್ನ ತೂಕ ಅಲ್ಲ ರೀ, ನಿಮ್ಮ ಸೋಮಾರಿತನ ಜಾಸ್ತಿಯಾಗಿದೆ" ಎಂದು ಅವಳು ಇಳಿಯುವಳು.

ಇಳಿಜಾರು ಸಿಕ್ಕಿದರೆ ಮುಗಿಯಿತು, ಸೈಕಲ್ಲಿಗೆ ಬ್ರೇಕ್ ಇದೆ ಎನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು. ಅವಳು ಎರಡೂ ಕೈಯಲ್ಲಿ ಅವನ ಸೊಂಟ ಬಳಸಿ, ಬೈಯುತ್ತಾ ನಗುತ್ತಾ ಕೆಳಗಿನ ರಸ್ತೆಗೆ ಬಂದು ಬೀಳುತ್ತಿದ್ದಳು. ಗಾಳಿಯ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಎರಡನೇ ವರ್ಷ ಮೊಪೆಡ್ ಬಂತು. ಹಸಿರು ಬಣ್ಣದ್ದು, ಯಾರೋ ಓಡಿಸಿ ಸುಸ್ತುಮಾಡಿ ಬಿಟ್ಟದ್ದು. ಬೀದಿಯ ತಿರುವಿಗೆ ಬರುವ ಮೊದಲೇ ಅದರ ಸದ್ದು ಮನೆ ಮುಟ್ಟುತ್ತಿತ್ತು. ಅದೇ ವರ್ಷ ಅವಳು ಬಸುರಿಯಾದಳು. ಮೀಟರ್ ಓದಲು ಹೋದ ಮನೆಗಳಲ್ಲೆಲ್ಲ ಅವನು ಡಂಗುರ ಸಾರಿಕೊಂಡು ಬಂದ. ಬೆಳಿಗ್ಗೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, "ಹೋದ ತಿಂಗಳಿಗಿಂತ ರೀಡಿಂಗ್ ಮೇಲೆ ಹೋಗಿದೆ" ಎಂದು ಗಂಭೀರವಾಗಿ ಹೇಳಿ ಅವಳಿಂದ ಕೈಮೇಲೆ ಪೆಟ್ಟು ತಿನ್ನುತ್ತಿದ್ದ.

ನಾಲ್ಕನೇ ತಿಂಗಳಿನ ಒಂದು ಭಾನುವಾರ. ಅವಳ ಅಕ್ಕ ಎರಡು ವರ್ಷದ ಮೇಲೆ ದೂರದಿಂದ ಚಿಕ್ಕಪ್ಪನ ಮನೆಗೆ ಬಂದಿದ್ದಳು, ಅವತ್ತೇ ಸಂಜೆ ರೈಲು ಹತ್ತುವವಳಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಬಚ್ಚಲುಮನೆಯಲ್ಲಿ ಇವಳಿಗೆ ಬಟ್ಟೆಯ ಮೇಲೆ ರಕ್ತ ಕಂಡಿತು. ಹೆಚ್ಚೇನಲ್ಲ, ಹೆಬ್ಬೆರಳಿನಗಲ. ಗಂಡನಿಗೆ ಹೇಳಿದರೆ ಅವನು ಮಂಚದಿಂದ ಇಳಿಯಲು ಬಿಡುವುದಿಲ್ಲ. ಅಕ್ಕನ ಮುಖ ಮತ್ತೆ ಯಾವ ಕಾಲಕ್ಕೋ. ಒಂದೊಂದು ಸಲ ಹಾಗಾಗುತ್ತದೆ, ಹೆದರಬಾರದು ಎಂದು ಆಫೀಸಿನ ಹಿರಿಯಾಕೆಯೊಬ್ಬಳು ಯಾವಾಗಲೋ ಹೇಳಿದ್ದನ್ನು ನೆನಪಿಗೆ ತಂದುಕೊಂಡು, ಬಟ್ಟೆ ಬದಲಾಯಿಸಿ, ಏನೂ ಆಗದವಳಂತೆ ತಲೆ ಬಾಚಿಕೊಂಡಳು.

ಹನ್ನೊಂದಕ್ಕೆ ಹೊರಟರು. ಗೋದಾಮಿನ ರಸ್ತೆಯಲ್ಲಿ ಹಿಂದಿನ ದಿನವಷ್ಟೇ ಗಾಡಿಗಳ ವೇಗ ತಗ್ಗಿಸಲು ಹಂಪು ಹಾಕಿದ್ದರು, ಬಣ್ಣ ಬಳಿದಿರಲಿಲ್ಲ. ಅವನು ಯಾವುದೋ ತಮಾಷೆ ಹೇಳುತ್ತಾ ಅದರ ಮೇಲೆ ಹಾರಿಸಿಯೇಬಿಟ್ಟ. ಅವಳು ಸೀಟಿನಿಂದ ಒಂದು ಗೇಣು ಮೇಲೆ ಹೋಗಿ ಧೊಪ್ಪೆಂದು ಕೂತಳು.

"ಏನಾದ್ರೂ ಆಯ್ತಾ?" ಅವನು ಗಾಡಿ ನಿಲ್ಲಿಸಿದ.

"ಏನಿಲ್ಲ, ನಡೀರಿ."

ಅಕ್ಕನ ಜೊತೆ ಉಂಡು, ಹರಟೆ ಹೊಡೆದು, ನಕ್ಕಳು. ನಾಲ್ಕು ಗಂಟೆಯ ಹೊತ್ತಿಗೆ ಅವಳಿಗೆ ಸೊಂಟ ಹಿಡಿದುಕೊಂಡಿತು. ಕತ್ತಲಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಎಲ್ಲ ಮುಗಿದುಹೋಗಿತ್ತು. ಗಂಡ ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರಮ್ಮ, "ಯಾವಾಗಿಂದ ಶುರುವಾಯ್ತು?" ಎಂದು ಕೇಳಿದರು. "ಬೆಳಿಗ್ಗೆ ಏಳರಿಂದ" ಎಂದಳು. "ಇದು ಯಾರ ತಪ್ಪೂ ಅಲ್ಲಮ್ಮ. ಮಗು ಬೆಳೆಯೋದು ಮೊದಲೇ ನಿಂತುಹೋಗಿತ್ತು. ನೀವು ಮಲಗೇ ಇದ್ದಿದ್ರೂ ಇದೇ ಆಗ್ತಿತ್ತು" ಎಂದು ಅವರು ಅವಳ ಭುಜ ತಟ್ಟಿದರು.

ಗಂಡ ಬಂದಾಗ ಹೇಳಿಬಿಡಬೇಕು ಎಂದುಕೊಂಡಿದ್ದಳು. ಅವನು ಮಂಚದ ಕಾಲ ಬಳಿ ಔಷಧಿಯ ಪೊಟ್ಟಣ ಹಿಡಿದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಧೈರ್ಯ ಸಾಲದೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಮೂವತ್ತೊಂದು ವರ್ಷ ಬರಲಿಲ್ಲ.

ಎಂಟು ದಿನದಲ್ಲಿ ಮೊಪೆಡ್ ಕಾಣೆಯಾಯಿತು. "ಗಾಡಿ ಎಲ್ಲಿ?" ಎಂದರೆ "ಕೊಟ್ಟೆ" ಎಂದ. "ಯಾಕೆ?" ಎಂದರೆ "ಅದು ಸರಿ ಇರ್ಲಿಲ್ಲ" ಎಂದ. ದುಃಖಕ್ಕೆ ಮನುಷ್ಯರು ಏನೇನೋ ಮಾಡುತ್ತಾರೆ ಎಂದು ಅವಳು ಸುಮ್ಮನಾದಳು.

ಎರಡು ವರ್ಷ ಬಸ್ಸಿನಲ್ಲಿ ಓಡಾಡಿದ ಮೇಲೆ ಸ್ಕೂಟರ್ ಬಂತು. ತಂದವನು ಅದನ್ನು ಮೊದಲು ಒಯ್ದದ್ದು ಸೀಟು ಹೊಲಿಯುವವನ ಹತ್ತಿರ. ಹಿಂದಿನ ಸೀಟಿಗೆ ಎರಡು ಬೆರಳು ದಪ್ಪ ಸ್ಪಂಜು ಹೆಚ್ಚಿಗೆ ತುಂಬಿಸಿಕೊಂಡು ಬಂದ. ಅವಳು ಕೂತರೆ ಕಾಲು ಗಾಳಿಯಲ್ಲಿ ತೇಲುತ್ತಿತ್ತು. ಆಗಿನಿಂದ ಅವನು ಓಡಿಸುವ ರೀತಿಯೇ ಬೇರೆಯಾಯಿತು. ಹಂಪು ಇನ್ನೂ ನೂರು ಅಡಿ ದೂರ ಇರುವಾಗಲೇ ವೇಗ ಇಳಿಸಿ, ಎರಡೂ ಕಾಲು ಕೆಳಗಿಟ್ಟು, ಎಳೆಮಗುವನ್ನು ಹೊಸ್ತಿಲು ದಾಟಿಸುವವನ ಹಾಗೆ ಗಾಡಿ ದಾಟಿಸುತ್ತಿದ್ದ. "ಭಾವ ಗಾಡಿ ಓಡಿಸಿದ್ರೆ ಇರುವೆ ಹಾರ್ನ್ ಹೊಡ್ಕೊಂಡು ಮುಂದೆ ಹೋಗುತ್ತೆ" ಎಂದು ಅವಳ ತಮ್ಮ ರೇಗಿಸಿದರೆ ಎಲ್ಲರ ಜೊತೆ ಅವನೂ ನಗುತ್ತಿದ್ದ.

ಸ್ಕೂಟರಿನಲ್ಲಿ ಅವಳು ಅವನ ಸೊಂಟ ಹಿಡಿಯಲಿಲ್ಲ. ಬೆನ್ನಿಗೆ ಒರಗಿದರೆ ಹೊಟ್ಟೆಯೊಳಗಿನ ಮಾತು ಹೊರಬಂದುಬಿಡುತ್ತದೆ ಎನ್ನುವ ಭಯಕ್ಕೆ ಹಿಂದಿನ ಸ್ಟೆಪ್ನಿ ಚಕ್ರ ಹಿಡಿದು ಕೂರುತ್ತಿದ್ದಳು. ಮತ್ತೆ ಬಸಿರು ನಿಲ್ಲಲಿಲ್ಲ. ಅದರ ಮಾತನ್ನೂ ಅವರು ಆಡಲಿಲ್ಲ.

ಆಮೇಲೆ ಒಂದು ಚಿಕ್ಕ ಕಾರು, ಅದು ಹೋಗಿ ಬೂದು ಬಣ್ಣದ ಉದ್ದನೆಯ ಕಾರು. ಕೊಳ್ಳುವ ಮೊದಲು ಅವನು ಇಂಜಿನ್ ನೋಡುತ್ತಿರಲಿಲ್ಲ, ಟೈರ್ ಒದೆಯುತ್ತಿರಲಿಲ್ಲ. ಹಾಳುಬಿದ್ದ ರಸ್ತೆ ಹುಡುಕಿ, ಮಾರುವವನನ್ನು ಸ್ಟೀರಿಂಗಿಗೆ ಕೂರಿಸಿ, ತಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ. "ಎತ್ತಿಹಾಕುತ್ತೆ, ಬೇಡ" ಎಂದು ಎಷ್ಟೋ ಒಳ್ಳೆಯ ಗಾಡಿಗಳನ್ನು ಬಿಟ್ಟು ಬಂದ. ವಯಸ್ಸಾಗುತ್ತಾ ಸುಖಪುರುಷನಾದ ಎಂದು ಅವಳು ನಕ್ಕಳು.

ಈ ವರ್ಷ ಅವನ ಮಂಡಿಗೆ ಆಪರೇಷನ್ ಆಯಿತು. ಇನ್ನು ಕ್ಲಚ್ ಒತ್ತುವ ಹಾಗಿಲ್ಲ ಎಂದರು. ಕಾರು ಮಾರುವುದೆಂದಾಯಿತು. ನೋಡಲು ಬಂದವನು ಶಾಲೆಯೊಂದರ ಆಟದ ಮೇಷ್ಟ್ರು, ಜೊತೆಗೆ ಆರು ತಿಂಗಳ ಬಸುರಿ ಹೆಂಡತಿ. ಹುಡುಗಿ ಮುಂದಿನ ಸೀಟಿನಲ್ಲಿ ಕೂತು ರೇಡಿಯೋ ತಿರುಗಿಸುತ್ತಿದ್ದಳು. ಇವಳು ಟ್ರೇಯಲ್ಲಿ ಚಹಾ ಹಿಡಿದು ಬಾಗಿಲಿಗೆ ಬಂದಾಗ, ಗಂಡಸರಿಬ್ಬರೂ ಕಾರಿನ ಹಿಂಭಾಗದಲ್ಲಿ ನಿಂತಿದ್ದರು. ಗಂಡನ ಬೆನ್ನು ಅವಳ ಕಡೆಗಿತ್ತು.

"ಅಂಕಲ್, ಒಂದು ರೌಂಡ್ ಹೋಗಿ ಬರ್ಲಾ ಇವಳನ್ನ ಕೂರಿಸ್ಕೊಂಡು?"

"ಹೋಗಿ. ಆದ್ರೆ ಗೋದಾಮಿನ ರಸ್ತೆ ಬೇಡ. ಅಲ್ಲಿ ಹಂಪುಗಳು ಜಾಸ್ತಿ."

"ಅಯ್ಯೋ, ಹಂಪಿಗೇನು ಅಂಕಲ್, ಈಗಿನ ಗಾಡಿಗಳು—"

"ನಾನೂ ಹಾಗೇ ಅಂದ್ಕೊಂಡಿದ್ದೆ." ಗಂಡನ ದನಿ ತಗ್ಗಿತು. "ನಮಗೂ ಒಂದು ಮಗು ಆಗ್ಬೇಕಿತ್ತು. ನಾನು ಮೊಪೆಡ್‌ನ ಹಂಪಿನ ಮೇಲೆ ಹಾರಿಸ್ದೆ. ಅವತ್ತು ಸಂಜೆನೇ ಹೋಯ್ತು. ನನ್ನ ಹೆಂಡ್ತಿ ಇವತ್ತಿನ ತನಕ ಒಂದು ಮಾತು ಅಂದಿಲ್ಲ ನನ್ನ. ಬೈದಿದ್ರೆ ಚೆನ್ನಾಗಿತ್ತು."

ಅವಳು ಒಳಗೆ ತಿರುಗಿ ಅಡುಗೆಮನೆಯ ಕಟ್ಟೆಯ ಮೇಲೆ ಟ್ರೇ ಇಟ್ಟು ಅದನ್ನೇ ಹಿಡಿದುಕೊಂಡು ನಿಂತಳು. ಸ್ಪಂಜು, ಕಣ್ಣು ಮುಚ್ಚಿ ಕೂರುವುದು, ಕೆಳಗಿಟ್ಟ ಎರಡು ಕಾಲು, ಒಂದೊಂದೇ ಬಂದು ಎದುರು ನಿಂತವು. ಇಷ್ಟು ವರ್ಷ ಅವಳು ತನ್ನ ತಪ್ಪನ್ನು ಮುಚ್ಚಿಡುವುದರಲ್ಲೇ ಮುಳುಗಿದ್ದಳು. ಅದನ್ನು ಅವನು ಹೊತ್ತುಕೊಂಡು ತಿರುಗುತ್ತಿರಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬಂದವರು ಯೋಚಿಸಿ ಹೇಳುತ್ತೇವೆಂದು ಹೊರಟುಹೋದರು. ಅವನು ಕೋಲೂರಿಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕೂತ.

"ಚಹಾ ತರ್ತೀನಿ ಅಂದಿದ್ದೆ?"

"ರೀ, ಅದು ಮೊಪೆಡ್ಡಿನಿಂದ ಆಗಿದ್ದಲ್ಲ."

ಅವನು ತಲೆ ಎತ್ತಿದ.

"ಅವತ್ತು ಬೆಳಿಗ್ಗೆನೇ ಶುರುವಾಗಿತ್ತು. ರಕ್ತ. ನಾನು ನೋಡಿದ್ದೆ. ನಿಮಗೆ ಹೇಳಿದ್ರೆ ಅಕ್ಕನ ಹತ್ರ ಕರ್ಕೊಂಡು ಹೋಗಲ್ಲ ಅಂತ ಹೇಳ್ಲಿಲ್ಲ. ಡಾಕ್ಟರು ಹೇಳಿದ್ರು, ಮೊದಲೇ ನಿಂತುಹೋಗಿತ್ತು, ಮಲಗಿದ್ರೂ ಉಳೀತಿರ್ಲಿಲ್ಲ ಅಂತ. ನಿಮ್ಮ ತಪ್ಪು ಏನೂ ಇಲ್ಲ ರೀ. ಏನೂ ಇಲ್ಲ."

ಅವನ ಮುಖ ಹಗುರವಾಗುತ್ತದೆ ಎಂದು ಅವಳು ಕಾದಳು. ಆಗಲಿಲ್ಲ.

"ಬೆಳಿಗ್ಗೆ ಎಷ್ಟು ಗಂಟೆಗೆ?"

"ಏಳಕ್ಕೆ."

"ನಾವು ಹೊರಟಿದ್ದು ಹನ್ನೊಂದಕ್ಕೆ." ಮೀಟರ್ ಓದಿ ಓದಿ ಅಭ್ಯಾಸವಾದವನು ಎರಡು ಅಂಕಿ ಸಿಕ್ಕಿದರೆ ಕಳೆಯದೆ ಬಿಡುವವನಲ್ಲ. "ನಾಲ್ಕು ಗಂಟೆ. ಎದುರಿಗೇ ಇದ್ದೆನಲ್ಲೇ ನಾನು. ಪಕ್ಕದ ಬೀದೀಲಿ ಆಸ್ಪತ್ರೆ."

"ಹೋಗಿದ್ರೂ ಏನೂ ಆಗ್ತಿರ್ಲಿಲ್ಲ ಅಂತ ಡಾಕ್ಟರು—"

"ಡಾಕ್ಟರು ನಿಂಗೆ ಹೇಳಿದ್ರು. ನಂಗ್ಯಾರು ಹೇಳಿದ್ರು?"

ಅವಳು ತಣ್ಣಗಾದ ಚಹಾದ ಲೋಟ ತಂದು ಅವನ ಮುಂದಿಟ್ಟಳು.

"ನೀನು ಸ್ಕೂಟರಲ್ಲಿ ನನ್ನ ಮುಟ್ತಾನೇ ಇರ್ಲಿಲ್ಲ," ಎಂದ ಅವನು. "ಈ ಕೈಗಳ ಮೇಲೆ ಇವಳಿಗೆ ನಂಬಿಕೆ ಹೋಗಿದೆ, ಹೋಗ್ಬೇಕಾದ್ದೇ ಅಂತಿದ್ದೆ ನಾನು. ಮೂವತ್ತೊಂದು ವರ್ಷ, ಹಿಂದೆ ಕೂತ್ಕೊಂಡು ನೋಡ್ತಾ ಇದ್ದೆಯಲ್ಲ."

"ನಿಮ್ಮ ಮನಸ್ಸಲ್ಲಿ ಅದಿದೆ ಅಂತ ನಂಗೆ ಗೊತ್ತಿರ್ಲಿಲ್ಲ ರೀ. ನೀವೂ ಬಾಯಿ ಬಿಡ್ಲಿಲ್ಲವಲ್ಲ."

"ಏನಂತ ಬಿಡ್ಲಿ? ಮಗೂನ ಕೊಂದೆ ಅಂತ ಬಿಡ್ಲಾ?"

ಅವನು ಎದ್ದು ಕೋಣೆಗೆ ಹೋಗಿ, ತನ್ನ ದಿಂಬು ಹೊದಿಕೆ ಎತ್ತಿಕೊಂಡು ಬಂದು ಹೊರಗಿನ ದಿವಾನಿನ ಮೇಲೆ ಹಾಕಿದ. ಮಂಡಿ ನೋವಿನವನು, ಎರಡು ಸಲ ಓಡಾಡಿದ. ಅವಳು ಸಹಾಯಕ್ಕೆ ಹೋಗಲು ಅಂಜಿ ನಿಂತೇ ಇದ್ದಳು.

ಮಾರನೇ ದಿನ ಅವನೇ ಮೇಷ್ಟ್ರಿಗೆ ಫೋನ್ ಮಾಡಿ ಕಾರು ಕೊಟ್ಟುಬಿಟ್ಟ. ಅವರು ಒಯ್ಯುವಾಗ ಬಾಗಿಲಿಗೂ ಬರಲಿಲ್ಲ. ಕೀಲಿ ಕೊಟ್ಟು, ಹುಡುಗಿಗೆ ಹುಷಾರು ಎಂದದ್ದು ಅವಳೇ. ಆಮೇಲಿನ ಮೂರು ವಾರ ಆ ಮನೆಯಲ್ಲಿ "ಊಟ", "ಮಾತ್ರೆ", "ಬಸ್ಸಿಗೆ ಹೊತ್ತಾಯ್ತು" ಎನ್ನುವಷ್ಟೇ ಮಾತು. ಮಂಡಿ ತೋರಿಸಲು ಹೋಗುವಾಗ ಬಸ್ಸಿನಲ್ಲಿ ಅವನು ಮುಂದಿನ ಸೀಟು, ಅವಳು ಹಿಂದಿನದು. ತಮ್ಮ ಬಂದು ಮಾಮೂಲಿನ ಹಾಗೆ ಭಾವನನ್ನು ರೇಗಿಸಿದ. ಯಾರೂ ನಗಲಿಲ್ಲ. ಅವನು ಅರ್ಧ ಚಹಾ ಬಿಟ್ಟು ಎದ್ದುಹೋದ.

ಒಂದು ಮಧ್ಯಾಹ್ನ ಊಟದ ನಡುವೆ ಅವನು ಕೈ ನಿಲ್ಲಿಸಿದ. ತಟ್ಟೆಯನ್ನೇ ನೋಡುತ್ತಾ ಕೇಳಿದ.

"ಆ ಬಟ್ಟೆ ಏನ್ಮಾಡ್ದೆ?"

ಯಾವ ಬಟ್ಟೆ ಎಂದು ಅವಳು ಕೇಳಲಿಲ್ಲ. "ಒಗೆದು ಹಿತ್ತಿಲಲ್ಲಿ ಹಾಕಿದ್ದೆ. ತಂತಿಯ ಆ ತುದೀಲಿ."

"ನಾನು ನೋಡಿದ್ದೆ ಅದನ್ನ. ಗಾಡಿ ತೊಳೀತಾ ಇದ್ದೆ. ಭಾನುವಾರ ಬೆಳಿಗ್ಗೆನೇ ಒಗೆಯೋಕೆ ಕೂತಿದಾಳಲ್ಲ ಅಂದ್ಕೊಂಡೆ." ತಟ್ಟೆಯಿಂದ ಕಣ್ಣೆತ್ತಿ, "ಸಂಜೆ ನೋವು ತುಂಬಾ ಇತ್ತಾ?" ಎಂದ.

ಯಾರೂ, ಅವಳ ಅಮ್ಮ ಕೂಡ, ಅವಳನ್ನು ಹಾಗೆ ಕೇಳಿರಲಿಲ್ಲ.

"ಇತ್ತು" ಎಂದಳು. ಆಮೇಲೆ ನಿಲ್ಲಿಸಲಾಗದೆ ಎಲ್ಲ ಹೇಳಿದಳು. ಅಕ್ಕನ ಮುಂದೆ ನಗುತ್ತಾ ಹಲ್ಲು ಕಚ್ಚಿ ಕೂತದ್ದು, ಆಸ್ಪತ್ರೆಯಲ್ಲಿ ಸ್ಟೀಲಿನ ಬಟ್ಟಲಿನ ಮೇಲೆ ನರ್ಸ್ ಬಟ್ಟೆ ಮುಚ್ಚಿ ಒಯ್ದದ್ದು, ಹೆಣ್ಣೋ ಗಂಡೋ ಎಂದು ಕೇಳಲು ಬಾಯಿ ಬಾರದೆ ಹೋದದ್ದು. ಅವನು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುವುದನ್ನು ನೋಡುತ್ತಾ ಮೇಜಿನ ಈಚೆ ಅವಳೂ ಅತ್ತಳು. ಆ ಮಗುವಿಗಾಗಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಎದ್ದಮೇಲೆ ತಟ್ಟೆಗಳನ್ನು ಅವನೇ ತೊಳೆದ. ಈಗ ಅವರು ಮಾತಾಡುತ್ತಾರೆ. ಒಮ್ಮೊಮ್ಮೆ ಮಗುವಿನ ಮಾತೂ ಬರುತ್ತದೆ, ಬಂದಷ್ಟೇ ಬೇಗ ನಿಲ್ಲುತ್ತದೆ. ಅವನು ಕ್ಷಮಿಸಿದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ. ದಿಂಬು ಹೊದಿಕೆ ಮಾತ್ರ ಅವನು ಮತ್ತೆ ಒಳಗೆ ತರಲಿಲ್ಲ. ಅವಳೂ ಕರೆಯಲಿಲ್ಲ.