ಒಂದೇ ಒಂದು ತುತ್ತು

ಕೊಡುವ ಕೈಗಳನ್ನು ಮಾಡುವಾಗ ದೇವರು ಒಂದು ಕೊರತೆ ಇಟ್ಟೇ ಮಾಡಿದ್ದಾನೆ. ಅವುಗಳಿಗೆ ಮುಚ್ಚಿಕೊಳ್ಳಲು ಬರುವುದಿಲ್ಲ. ದೊಡ್ಡ ಸೌಟಿನಕ್ಕನ ಕೈ ಅಂಥದ್ದು.

ಅವಳು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಹೆತ್ತವರು ಇಟ್ಟ ಹೆಸರು ಅವಳ ಗಂಡನಿಗೂ ಮರೆತುಹೋದಂತಿತ್ತು. ಮಗ್ಗಗಳ ಸದ್ದಿಗೆ ಕಿವಿ ಮಂದವಾದ ಕೆಲಸಗಾರರು ತಟ್ಟೆ ಹಿಡಿದು ಸಾಲಾಗಿ ಬಂದರೆ ಅವಳು ಅವರ ಮುಖ ನೋಡುತ್ತಿರಲಿಲ್ಲ. ಕುತ್ತಿಗೆಯ ಕೆಳಗಿನ ಮೂಳೆ ನೋಡುತ್ತಿದ್ದಳು. ಮೂಳೆ ಎದ್ದು ಕಂಡಿತೋ, ಸೌಟು ತಾನಾಗಿಯೇ ಇನ್ನೊಮ್ಮೆ ಪಾತ್ರೆಗೆ ಇಳಿಯುತ್ತಿತ್ತು.

"ಸಾಕು ಅಕ್ಕಾ, ಸಾಕು!"

"ಸಾಕು ಅಂದಿದ್ದು ನಿನ್ನ ಬಾಯಿ. ಹೊಟ್ಟೆ ಇನ್ನೂ ಮಾತಾಡಿಲ್ಲ, ಹಿಡಿ."

ಅವಳಿಗೆ ಸಹಿಸಲಾಗದ್ದು ಒಂದೇ: ಯಾರಾದರೂ ತಟ್ಟೆಯಲ್ಲಿ ಬಿಟ್ಟು ಏಳುವುದು. ಬಿಟ್ಟ ತುತ್ತನ್ನು ಕಂಡರೆ ತನ್ನ ಮುಖದ ಮೇಲೆ ಯಾರೋ ಬಾಗಿಲು ಹಾಕಿದ ಹಾಗೆ ಅವಳಿಗೆ ಆಗುತ್ತಿತ್ತು.

ಅವಳಿದ್ದ ಬೀದಿಯ ಕೊನೆಯ ಮನೆಯವರು ಸದ್ದಿಲ್ಲದೆ ಮನೆ ಖಾಲಿ ಮಾಡಿ, ಗೇಟಿಗೆ ಬೀಗ ಜಡಿದು ಹೋಗಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಆ ಹಿತ್ತಿಲಿನಿಂದ ಸರಪಳಿ ಕಲ್ಲಿನ ಮೇಲೆ ಎಳೆದ ಸದ್ದು ಅವಳ ಕಿವಿಗೆ ಬಿತ್ತು. ಬೊಗಳಿದ ಸದ್ದಲ್ಲ. ಬೊಗಳುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ. ಅವಳು ಮನೆಗೆ ಓಡಿ ಗಂಡನನ್ನು ಕರೆತಂದಳು. ಅವನು ಬಸ್ ಚಾಲಕ; ಮೈ ಭಾರದವನಾದರೂ ಗೋಡೆ ಹತ್ತಿ ಆಚೆಗೆ ಇಳಿದ.

"ರೀ, ಏನಿದೆ ಅಲ್ಲಿ?"

ಗೋಡೆಯಾಚೆ ಸರಪಳಿ ಮತ್ತೊಮ್ಮೆ ಕಲ್ಲಿಗೆ ಉಜ್ಜಿತು. ಆಮೇಲೆ, "ನಾಯಿ ಇತ್ತು ಅನ್ಸುತ್ತೆ ಕಣೇ. ಈಗ ಅದರ ಎಲುಬಿನ ಗೂಡು ಉಳಿದಿದೆ."

ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಬೆನ್ನುಮೂಳೆ ಗರಗಸದ ಹಲ್ಲಿನಂತೆ ಎದ್ದಿತ್ತು. ಸರಪಳಿ ಬಿಚ್ಚಿ ಅವನು ಅದನ್ನು ತೋಳಿನ ಮೇಲೆ ಹಾಕಿಕೊಂಡು ಗೋಡೆಯ ಮೇಲಿನಿಂದ ಅವಳ ಕೈಗೆ ದಾಟಿಸಿದ. "ಬಾರಯ್ಯ, ಕಡ್ಡಿ ಪೈಲ್ವಾನ್," ಎಂದು ನಗಲು ನೋಡಿದ. ದಿನವೂ ಅಕ್ಕಿಮೂಟೆ ಎತ್ತುವ ಅವಳ ತೋಳಿಗೆ ಅದು ಒಗೆದು ಹಿಂಡಿದ ಬಟ್ಟೆಗಿಂತ ಹಗುರವಾಗಿತ್ತು. ಯಾವ ಜೀವವೂ ಇಷ್ಟು ಹಗುರ ಇರಬಾರದು ಎಂದುಕೊಂಡಳು. ಅಂದಿನಿಂದ ಅದರ ಹೆಸರು ಪೈಲ್ವಾನ.

ಸರಪಳಿ ಉಜ್ಜಿ ಕೊರಳಿನಲ್ಲಾದ ಗಾಯ ತೋರಿಸಲು ಎರಡು ಬೀದಿ ಆಚೆಯ ಪ್ರಾಣಿವೈದ್ಯೆಯ ಬಳಿ ಹೋದರು. ವೈದ್ಯೆ ಗಾಯಕ್ಕೆ ಔಷಧಿ ಹಚ್ಚಿ, ರಕ್ತ ತೆಗೆದುಕೊಂಡು, ಅದರ ಎದೆಯ ಮೇಲೆ ಬಹಳ ಹೊತ್ತು ಸ್ಟೆತಸ್ಕೋಪ್ ಇಟ್ಟು ಆಲಿಸಿದಳು.

"ಮನೇಲಿ ಅಡುಗೆ ಮಾಡೋರು ಯಾರು?"

"ನಾನೇ, ಡಾಕ್ಟ್ರಮ್ಮ. ಗಿರಣಿಯವರಿಗೆಲ್ಲಾ ಬಡಿಸೋಳು ನಾನು. ಇದೇನು ಮಹಾ, ವಾರದೊಳಗೆ ಗುಂಡಗೆ ಮಾಡಿಬಿಡ್ತೀನಿ."

"ನನಗೆ ಭಯ ಅದೇ ಅಮ್ಮ," ಎಂದಳು ವೈದ್ಯೆ. "ಇದು ಇಷ್ಟು ದಿನ ತನ್ನ ಮೈಯನ್ನೇ ತಾನು ತಿಂದುಕೊಂಡು ಬದುಕಿದೆ. ಈಗ ಒಂದೇ ಸಲ ಹೊಟ್ಟೆ ತುಂಬಿಸಿದ್ರೆ ರಕ್ತದಲ್ಲಿರೋ ಲವಣಗಳೆಲ್ಲಾ ಏರುಪೇರಾಗಿ ಎದೆ ನಿಂತುಹೋಗುತ್ತೆ. ಒಣಗಿದ ಕೆರೆಗೆ ಒಮ್ಮೆಲೇ ಹೊಳೆ ತಿರುಗಿಸಿದ್ರೆ ಏರಿ ಉಳಿಯುತ್ತಾ? ಹಸಿವಿನಿಂದ ಉಳಿದಿದ್ದು ಊಟದಿಂದ ಹೋಗುತ್ತೆ."

ಡಬ್ಬಿಯ ಮೆತ್ತನೆಯ ಆಹಾರವನ್ನೂ ಒಂದು ಪುಟ್ಟ ಬಟ್ಟಲನ್ನೂ ಕೊಟ್ಟಳು. ಇಷ್ಟಿಷ್ಟೇ, ಹೊತ್ತು ಹೊತ್ತಿಗೆ. ಬ್ರೆಡ್ಡು, ಅನ್ನ, ಹಾಲು, ಬಿಸ್ಕತ್ತು ಯಾವುದೂ ಸದ್ಯಕ್ಕೆ ಬೇಡವೇ ಬೇಡ. ದಿನವೂ ತಂದು ತೋರಿಸಬೇಕು. ಬಟ್ಟಲನ್ನು ಯಾವಾಗ ದೊಡ್ಡದು ಮಾಡುವುದೆಂದು ತಾನೇ ಹೇಳುತ್ತೇನೆ ಎಂದಳು.

ಬಟ್ಟಲು ನೋಡಿ ದೊಡ್ಡ ಸೌಟಿನಕ್ಕನಿಗೆ ಅಳು ಬಂತು. ಅವಳ ಕ್ಯಾಂಟೀನಿನಲ್ಲಿ ಉಪ್ಪು ಇಡುವ ಬಟ್ಟಲೂ ಅದಕ್ಕಿಂತ ದೊಡ್ಡದಿತ್ತು.

ಮನೆಯಲ್ಲಿ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದ: "ಎಲ್ಲರೂ ಕೇಳಿಸ್ಕೊಳ್ಳಿ. ಬಟ್ಟಲು ಬಿಟ್ಟು ಒಂದು ಚೂರೂ ಇಲ್ಲ. ಸೀಟು ಭರ್ತಿ. ನಿಂತ್ಕೊಂಡು ಬರ್ತೀನಿ ಅಂದ್ರೂ ಇಲ್ಲ."

"ಎಲ್ಲರೂ" ಎಂದರೆ ಅವಳು ಮತ್ತು ಅವಳ ಅತ್ತೆ. ಅತ್ತೆಗೆ ಹಲ್ಲು ಹೋಗಿದ್ದವು, ನಾಲಿಗೆಯ ಹರಿತ ಹೋಗಿರಲಿಲ್ಲ. ಜಪಮಾಲೆ ತಿರುಗಿಸುತ್ತಲೇ ಕೇಳಿದಳು: "ಹಸಿದ ಬಾಯಿ ಎದುರಿಗೆ ಕೂರಿಸ್ಕೊಂಡು ನಾವು ಉಣ್ಣೋದಾ? ಇದ್ಯಾವ ಧರ್ಮ ಕಣೇ?"

"ಡಾಕ್ಟ್ರಮ್ಮ ಹೇಳಿದ್ದಾರೆ, ಅತ್ತೆ."

"ಡಾಕ್ಟ್ರಮ್ಮ ಅದರ ಎದೆ ನೋಡಿದ್ಲು. ಕಣ್ಣು ನೋಡಿದ್ಲಾ?"

ಅದೇ ಕಷ್ಟ. ಪೈಲ್ವಾನ ಒಂದೇ ಉಸಿರಿಗೆ ಬಟ್ಟಲು ಬರಿದು ಮಾಡುತ್ತಿತ್ತು. ಆಮೇಲೆ ಬರಿಬಟ್ಟಲನ್ನು ನೆಕ್ಕುತ್ತಾ ನೆಕ್ಕುತ್ತಾ ಅಡುಗೆಮನೆಯ ಉದ್ದಕ್ಕೂ ತಳ್ಳಿಕೊಂಡು ಹೋಗುತ್ತಿತ್ತು. ಬಟ್ಟಲು ಗೋಡೆಗೆ ಬಡಿದು ಮುಂದೆ ಹೋಗದಾದಾಗ ತಲೆ ಎತ್ತುತ್ತಿತ್ತು. ಗುರುಗುಟ್ಟುತ್ತಿರಲಿಲ್ಲ, ಕುಂಯ್ ಎನ್ನುತ್ತಿರಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅದು ಸುಮ್ಮನೆ ನೋಡುತ್ತಿತ್ತು, ತಪ್ಪು ತನ್ನದೇ ಎಂಬಂತೆ.

ಎರಡನೆಯ ದಿನ ಗಂಡ ಡ್ಯೂಟಿಗೆ ಹೋಗಿ, ಅತ್ತೆ ಮಲಗಿದ್ದ ಹೊತ್ತು ನೋಡಿ ಅವಳು ಅನ್ನದ ಪಾತ್ರೆಯ ತಳ ಕೆರೆದಳು. ಒಂದೇ ಒಂದು ತುತ್ತು. ಒಂದು ತುತ್ತಿಗೆ ಯಾವ ಪ್ರಾಣ ಹೋಗುತ್ತದೆ? ಪೈಲ್ವಾನ ಅವಳ ಬೆರಳ ಸಂದಿಯನ್ನೂ ಬಿಡದೆ ನೆಕ್ಕಿತು. ಅವಳು ಕೈ ತೊಳೆದು, ಅದರ ಗದ್ದವನ್ನು ಸೆರಗಿನಿಂದ ಒರೆಸಿ, ಮೂಲೆಯ ದೀಪದತ್ತ ತಿರುಗಿ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳು. ದೇವರು ಸುಮ್ಮನಿದ್ದ. ಅವನ ಮೌನವನ್ನು ನಾವು ಯಾವಾಗಲೂ ಒಪ್ಪಿಗೆ ಎಂದೇ ತಿಳಿದುಕೊಳ್ಳುತ್ತೇವೆ. ಸಂಜೆ ಇನ್ನೊಂದು ತುತ್ತು ಕೊಟ್ಟಳು.

ಒಂದೆರಡು ಸಂಗತಿ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಒಗೆಯಲು ಹಾಕಿದ ಗಂಡನ ಅಂಗಿಯ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ದಿನವೂ ಅರ್ಧಕ್ಕೆ ಬಿಡುತ್ತಿದ್ದ ಅತ್ತೆಯ ಲೋಟ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು. "ಪರವಾಗಿಲ್ವೇ, ಅತ್ತೆಗೆ ಹಸಿವು ಹುಟ್ಟಿದೆ," ಎಂದು ಅವಳು ಸಂತೋಷಪಟ್ಟಳು. ಕದ್ದವರಿಗೆ ಬೇರೆ ಕಳ್ಳರ ಜಾಡು ಕಾಣುವುದಿಲ್ಲ.

ಮಾರನೆಯ ಮಧ್ಯಾಹ್ನ ಕ್ಯಾಂಟೀನಿನಿಂದ ಬಂದಾಗ ಪೈಲ್ವಾನ ಬಾಗಿಲಿಗೆ ಬರಲಿಲ್ಲ. ಒಲೆಯ ಪಕ್ಕದ ಗೋಣಿಚೀಲದ ಮೇಲೆ ಮಲಗಿತ್ತು. ಕರೆದಳು. ಏಳಲು ಹೋಯಿತು, ಹಿಂಗಾಲು ತನ್ನದಲ್ಲವೆಂಬಂತೆ ಪಕ್ಕಕ್ಕೆ ಜಾರಿತು. ಮೈ ಗಡಗಡ ನಡುಗಿ, ಕತ್ತು ಅವಳ ಪಾದದ ಮೇಲೆ ಬಿತ್ತು.

ಗಂಡ ಅದನ್ನು ಎತ್ತಿಕೊಂಡು ಬರಿಗಾಲಿನಲ್ಲೇ ಓಡಿದ. ಅವಳು ಹಿಂದೆ. ಮನೆ ಬಿಟ್ಟು ಕದಲದ ಅತ್ತೆಯೂ ಗೋಡೆ ಹಿಡಿದು ಹಿಡಿದು ಅವರ ಹಿಂದೆ ಬಂದುಬಿಟ್ಟಿದ್ದಳು.

ವೈದ್ಯೆ ಸೂಜಿ ಚುಚ್ಚಿ, ಡ್ರಿಪ್ಪಿನ ನಳಿಗೆ ಕಟ್ಟಿ, ತಲೆ ಎತ್ತದೆಯೇ ಕೇಳಿದಳು: "ಬಟ್ಟಲು ಬಿಟ್ಟು ಏನು ಕೊಟ್ರಿ?"

"ಏನೂ ಇಲ್ಲ," ಎಂದರು ಮೂವರೂ, ಒಟ್ಟಿಗೆ.

"ನಿಜ ಹೇಳಿದ್ರೆ ನನಗೆ ಕೆಲಸ ಸುಲಭ."

ದೊಡ್ಡ ಸೌಟಿನಕ್ಕ ಮೊದಲು ಬಾಯಿಬಿಟ್ಟಳು. "ನಾನು... ಅನ್ನ. ಒಂದೇ ಒಂದು ತುತ್ತು. ಎರಡು ಸಲ."

"ನೀನೂನಾ?" ಎಂದ ಗಂಡ. ಎಂದಮೇಲೆ ತನ್ನ ಮಾತು ತನಗೇ ಕೇಳಿಸಿ ತಲೆ ಬಗ್ಗಿಸಿದ. "ಬಿಸ್ಕತ್ತು, ಡಾಕ್ಟ್ರಮ್ಮ. ಡ್ಯೂಟಿಗೆ ಹೋಗ್ವಾಗ ಒಂದು, ಬಂದಾಗ ಒಂದು."

ಅತ್ತೆಯ ಕೈಯ ಜಪಮಾಲೆ ನಿಂತಿತ್ತು. ಮಗ "ಅಮ್ಮಾ?" ಎಂದಾಗ, "ನನ್ನ ಪಾಲಿನ ಬ್ರೆಡ್ಡು ಕಣೋ," ಎಂದಳು. "ನನ್ನ ಪಾಲಿಂದು ಕೊಟ್ರೆ ಲೆಕ್ಕಕ್ಕೆ ಬರಲ್ಲ ಅಂದ್ಕೊಂಡೆ."

ವೈದ್ಯೆ ಬೈಯಲಿಲ್ಲ. "ನಿಮ್ಮ ಮನೇಲಿ ಒಬ್ಬರಾದ್ರೂ ಕಲ್ಲೆದೆಯವರು ಇದ್ದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಒಳಗೆ ಹೋದಳು.

ಗೋಡೆಬದಿಯ ಬೆಂಚಿನ ಮೇಲೆ ಮೂವರೂ ಕುಳಿತರು. ನಳಿಗೆಯಲ್ಲಿ ಹನಿ ಹನಿಯಾಗಿ ಏನೋ ಇಳಿಯುತ್ತಿತ್ತು. ಅದನ್ನು ಬೇಗ ಮಾಡೆಂದು ಹೇಳುವಂತಿಲ್ಲ, ನಿಲ್ಲಬೇಡವೆಂದು ಬೇಡುವುದಕ್ಕೂ ಯಾರನ್ನು ಬೇಡಬೇಕೆಂದು ಗೊತ್ತಿಲ್ಲ. ದುಃಖ ಬಂದ ಮನೆಗೆ ಊಟ ಕಟ್ಟಿಕೊಂಡು ಹೋಗುವುದು, ಜ್ವರ ಬಂದವರಿಗೆ ಗಂಜಿ ಕಾಯಿಸುವುದು, ಜಗಳವಾಡಿದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವುದು, ಜಗತ್ತಿನ ಎಲ್ಲ ಕಷ್ಟಕ್ಕೂ ದೊಡ್ಡ ಸೌಟಿನಕ್ಕನಿಗೆ ಗೊತ್ತಿದ್ದ ಮದ್ದು ಒಂದೇ. ಆ ಮದ್ದೇ ಇಲ್ಲಿ ವಿಷವಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ತೊಡೆಯ ಕೆಳಗೆ ಅದುಮಿಕೊಂಡಳು. ವೈದ್ಯೆ ಒಮ್ಮೆ ಆಚೆ ಬಂದಾಗ ಬಾಯಿಗೆ ಬಂದದ್ದೂ ಅದೇ:

"ಡಾಕ್ಟ್ರಮ್ಮ, ನಿಮ್ಮದು ಊಟ ಆಯ್ತಾ?"

ವೈದ್ಯೆ ಅವಳನ್ನು ನೋಡಿದಳು. ನಗುವೂ ಬಂತು, ಇನ್ನೇನೋ ಬಂತು. "ಆಯ್ತಮ್ಮ," ಎಂದಳು. ಆಗಿರಲಿಲ್ಲ.

ಪೈಲ್ವಾನ ಅಂದು ಸಾಯಲಿಲ್ಲ. ಮರುದಿನವೂ ಸಾಯಲಿಲ್ಲ. ಕೆಲವು ದಿನ ಅಲ್ಲೇ ಇದ್ದು ಮನೆಗೆ ಬಂತು. ಕಳುಹಿಸುವಾಗ ವೈದ್ಯೆ ಮಾತನ್ನು ಬೆಲ್ಲದಲ್ಲಿ ಅದ್ದಲಿಲ್ಲ. "ಎದೆ ಸೋತಿದೆ. ತೂಕ ಹತ್ತಬಹುದು, ಹತ್ತದೇ ಇರಬಹುದು. ಉಳಿಯುತ್ತೆ ಅಂತ ನಾನು ಹೇಳಲ್ಲ. ಬಟ್ಟಲು ತುಂಬಿಸೋದು, ಹೊತ್ತು ಕಾಯೋದು, ನಿಮ್ಮ ಕೈಲಿರೋದು ಅಷ್ಟೇ. ಊಟ ಬಿಟ್ರೆ ಮಾತ್ರ ತಕ್ಷಣ ತಿಳಿಸಿ."

ಅಂದಿನಿಂದ ಆ ಮನೆಯಲ್ಲಿ ಹೊಸದೊಂದು ಪದ್ಧತಿ ಬಂತು. ಬಟ್ಟಲು ಇಡುವ ಹೊತ್ತಿಗೆ ಮೂವರೂ ಅಡುಗೆಮನೆಯಲ್ಲಿ ಹಾಜರಿರಬೇಕು, ಕೈಗಳು ಎಲ್ಲರಿಗೂ ಕಾಣುವಂತೆ ಮಡಿಲಿನಲ್ಲಿರಬೇಕು. ಕಳ್ಳರೂ ಅವರೇ, ಕಾವಲಿನವರೂ ಅವರೇ. ಅತ್ತೆ ಬಲಗೈಗೆ ಜಪಮಾಲೆಯನ್ನು ಸುತ್ತಿಕೊಂಡು ಕೂರುತ್ತಿದ್ದಳು.

"ಏನಮ್ಮಾ, ಬೇಡಿ ಹಾಕ್ಕೊಂಡಿದ್ದೀಯಾ?" ಎಂದು ಮಗ ಕೆಣಕಿದರೆ, "ನಿನ್ನ ಜೇಬು ಹೊಲಿದು ಬಾ, ಆಮೇಲೆ ನನ್ನ ಕೈ ನೋಡು," ಎನ್ನುತ್ತಿದ್ದಳು.

ಬಟ್ಟಲು ಗೋಡೆಗೆ ಬಡಿಯುತ್ತಿತ್ತು. ಪೈಲ್ವಾನ ತಲೆ ಎತ್ತುತ್ತಿತ್ತು. ಆರು ಕೈಗಳು ಮಡಿಲಲ್ಲೇ ಇರುತ್ತಿದ್ದವು. ಕರುಣೆಯನ್ನು ಕೊಟ್ಟು ತೀರಿಸಿಕೊಳ್ಳುವುದು ಎಷ್ಟು ಸುಲಭವಾಗಿತ್ತೆಂದು ದೊಡ್ಡ ಸೌಟಿನಕ್ಕನಿಗೆ ಆ ಹೊತ್ತಿನಲ್ಲಿ ಅರಿವಾಗುತ್ತಿತ್ತು. ಕೊಟ್ಟರೆ ಮೊದಲು ತಣ್ಣಗಾಗುವುದು ಕೊಟ್ಟವರ ಹೊಟ್ಟೆ. ಕೊಡದೆ ಕೂತು ಆ ಕಣ್ಣನ್ನು ನೋಡುವುದೇ ಕಡುಕಷ್ಟ. ಮೇಲಿನವನೂ ಹೀಗೆಯೇ ಕೈ ಮಡಿಲಲ್ಲಿಟ್ಟುಕೊಂಡು ನಮ್ಮನ್ನು ನೋಡುತ್ತಾನೋ ಏನೋ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದನ್ನು ಅತ್ತೆಗೆ ಹೇಳಲಿಲ್ಲ.

ಕ್ಯಾಂಟೀನಿನಲ್ಲಿ ಒಬ್ಬ ನೇಕಾರ "ಸಾಕು ಅಕ್ಕಾ" ಎಂದ. ಅವಳು ಸೌಟು ನಿಲ್ಲಿಸಿದಳು. ಅವನು ಗಾಬರಿಯಾಗಿ ತಟ್ಟೆ ಹಿಡಿದುಕೊಂಡೇ ನಿಂತ. "ಅಕ್ಕಾ, ಮೈಗೆ ಹುಷಾರಿಲ್ವಾ?"

ಬಟ್ಟಲು ಸ್ವಲ್ಪ ದೊಡ್ಡದಾಯಿತು. ಪಕ್ಕೆಲುಬುಗಳ ನಡುವಿನ ಹಳ್ಳ ತುಸು ತುಂಬಿದಂತೆ ಒಂದು ದಿನ ಕಾಣುತ್ತಿತ್ತು, ಇನ್ನೊಂದು ದಿನ ಕಾಣುತ್ತಿರಲಿಲ್ಲ. ಅವಳ ಆಸೆಯೂ ಅದರ ಜೊತೆಗೇ ಏರಿ ಇಳಿಯುತ್ತಿತ್ತು.

ಆಮೇಲೊಂದು ಸಂಜೆ ಬಟ್ಟಲು ಗೋಡೆಗೆ ಬಡಿಯಲಿಲ್ಲ.

ಮೂವರೂ ಬಗ್ಗಿ ನೋಡಿದರು. ತಳದಲ್ಲಿ ಒಂದು ತುತ್ತಿನಷ್ಟು ಉಳಿದಿತ್ತು. ಪೈಲ್ವಾನ ಬಾಯಿ ತೆಗೆದುಕೊಂಡು ಬಟ್ಟಲಿನ ಪಕ್ಕದಲ್ಲಿ ನಿಂತಿತ್ತು.

ಜನ್ಮವಿಡೀ ಬಿಟ್ಟ ತುತ್ತಿಗೆ ಸಿಟ್ಟಾದವಳು ಈಗ ಗಂಡನ ತೋಳು ಹಿಡಿದಳು. "ರೀ, ಊಟ ಬಿಟ್ಟಿದೆ. ಡಾಕ್ಟ್ರಮ್ಮ ಹೇಳಿದ್ರಲ್ಲ..."

"ತಡಿ ತಡಿ. ಫೋನ್ ಮಾಡ್ತೀನಿ." ಅವನು ಮಾಡಿದ. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಪೈಲ್ವಾನ ತನ್ನ ಗೋಣಿಚೀಲದ ಅಂಚಿಗೆ ಮೂತಿ ಕೊಟ್ಟು ತಳ್ಳತೊಡಗಿತು. ಒಂದು ಸಲ ತಳ್ಳಿ, ನಿಂತು ಏದುಸಿರು ಬಿಟ್ಟು, ಮತ್ತೆ ತಳ್ಳಿತು. ಚೀಲದ ಅಂಚು ನಿಧಾನವಾಗಿ ಬಟ್ಟಲಿನ ಮೇಲೆ ಹತ್ತಿ ಉಳಿದ ತುತ್ತನ್ನು ಮುಚ್ಚಿತು. ಮೂತಿಯಿಂದ ಎರಡು ಸಲ ಅದುಮಿ, ಅದು ಅಲ್ಲೇ ಪಕ್ಕದಲ್ಲಿ ಮಲಗಿತು.

"ಏನು ಮಾಡ್ತಿದೆ ಅದು?" ಎಂದಳು ದೊಡ್ಡ ಸೌಟಿನಕ್ಕ, ಪಿಸುದನಿಯಲ್ಲಿ.

"ನಾಳೆಗೆ ಎತ್ತಿಡ್ತಿದೆ ಕಣೇ," ಎಂದಳು ಅತ್ತೆ. "ಹೊಟ್ಟೆ ತುಂಬಿದೋರು ಮಾಡೋ ಕೆಲಸ ಅದು."

"ನಾಳೆ ಇದೆ ಅಂತ ಅದಕ್ಕೆ ಯಾರು ಹೇಳಿದ್ರು ಅತ್ತೆ?"

ವೈದ್ಯೆ ಹೇಳಿರಲಿಲ್ಲ, ಆ ಮೂವರಲ್ಲಿ ಯಾರೂ ಹೇಳಿರಲಿಲ್ಲ. ದೊಡ್ಡ ಸೌಟಿನಕ್ಕ ಪೈಲ್ವಾನನ ಪಕ್ಕೆಯ ಮೇಲೆ ಕೈ ಇಟ್ಟಳು. ಒಳಗೆ ಎದೆ ನೂಲು ಕಡಿದ ಮಗ್ಗದಂತೆ ನಾಲ್ಕು ಬಡಿತ ಸರಿಯಾಗಿ ಬಡಿದು, ಎಡವಿ, ಮತ್ತೆ ಸರಿಹೋಗುತ್ತಿತ್ತು. ಹೊಟ್ಟೆ ತುಂಬಿ ಬಿಟ್ಟದ್ದೋ, ಸೋತು ಬಿಟ್ಟದ್ದೋ? ಕೈಗೆ ತಿಳಿಯಲಿಲ್ಲ. ಹಾಗೆ ತಿಳಿಯುವ ಕೈಯನ್ನು ದೇವರು ಅವಳಿಗೆ ಕೊಟ್ಟಿರಲಿಲ್ಲ.

ಗಂಡ ಮತ್ತೆ ಫೋನ್ ಹಚ್ಚಿ ಕಿವಿಗೆ ಹಿಡಿದು ನಿಂತ. ಪಾತ್ರೆ ತೊಳೆದಿಡದೆ ಎಂದೂ ಅಡುಗೆಮನೆ ಬಿಡದ ಅವಳು ಆ ಬಟ್ಟಲನ್ನು ಮುಟ್ಟಲಿಲ್ಲ. ಗೋಣಿಚೀಲದ ಅಂಚು ಒಂದಿಷ್ಟು ಜಾರಿತ್ತು. ಅದನ್ನು ಮಾತ್ರ ಮೊದಲಿದ್ದ ಹಾಗೆ ಸರಿಪಡಿಸಿ, ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಳು.