ವಸೂಲಿಗೆ ತಡೆ ಕೇಳಿದ ರೋವನ್

ಡೆನಿಲಿಕ್ವಿನ್ ಊರಿನ ಕಡೆಯ ಕುರಿ ಶೆಡ್ಡುಗಳಲ್ಲಿ ರೋವನ್ ಟಕ್‌ವೆಲ್ ಗೊತ್ತಿಲ್ಲದವರಿಲ್ಲ. ಉಣ್ಣೆ ಕತ್ತರಿಸುವುದರಲ್ಲಿ ಅವನ ಕೈ ಅಷ್ಟು ಚುರುಕು. ಹೆಂಡತಿ ಕರ್ಸ್ಟಿ ಅವನಿಂದ ಬೇರೆಯಾಗಿ, ಮಗಳು ಟೆಸ್ ಜೊತೆ ಬೆಂಡಿಗೊದಲ್ಲಿದ್ದಳು. ಮಗಳ ಖರ್ಚಿಗೆಂದು ಸರ್ಕಾರದ ಮಕ್ಕಳ ಪೋಷಣೆ ಇಲಾಖೆ ಗೊತ್ತುಮಾಡಿದ ಹಣ ಅವನ ಸಂಬಳದಿಂದಲೇ ಹೋಗುತ್ತಿತ್ತು. ಅದಕ್ಕೆ ಅವನು ಎಂದೂ ಗೊಣಗಿದವನಲ್ಲ.

ಈ ಚಳಿಗಾಲ ಒಂದು ಟಗರು ಒದ್ದಾಡಿ ಅವನ ಭುಜದ ಕೀಲು ತಪ್ಪಿತು. ಇನ್ನು ಕತ್ತರಿ ಮುಟ್ಟಬೇಡ ಅಂದರು ಡಾಕ್ಟರು. ಈಗ ಶೆಡ್ಡು ಗುಡಿಸುವ ಅರ್ಧ ದಿನದ ಕೆಲಸ. ಇಲಾಖೆ ಮಾತ್ರ ಹೋದ ವರ್ಷದ ಸಂಪಾದನೆ ನೋಡಿಯೇ ಹೊಸ ಮೊತ್ತ ಗೊತ್ತುಮಾಡಿತ್ತು. ಅದನ್ನು ಹಿಡಿದುಕೊಂಡ ಮೇಲೆ ಉಳಿಯುವುದು ಮನೆ ಬಾಡಿಗೆಗೂ ಸಾಲದು.

ಟೀ ಹೊತ್ತಿನಲ್ಲಿ ಅವನು ಸಿಡಿದ. "ಈ ಕೆಲಸ ಬಿಡ್ತೀನಿ. ಗುಟ್ಟಾಗಿ ಎಲ್ಲಾದ್ರೂ ದುಡೀತೀನಿ. ಆಗ ಎಲ್ಲಿಂದ ಕಿತ್ಕೋತಾರೋ ನೋಡೋಣ!"

ಉಣ್ಣೆಯ ದರ್ಜೆ ನೋಡುವ ಗ್ಲೆನಿಸ್ ಹ್ಯಾಡೋ ಕೈಲಿದ್ದ ಬಿಸ್ಕತ್ತು ಕೆಳಗಿಟ್ಟಳು. "ನನ್ನ ಗಂಡನೂ ಹಿಂಗೇ ಅಂದಿದ್ದ. ಇಬ್ಬರು ಮಕ್ಕಳನ್ನ ಕಟ್ಕೊಂಡು ನಾನು ಚರ್ಚಿನವರ ಬಾಗಿಲಲ್ಲಿ ನಿಂತೆ. ಅವನ ಜಗಳ ಇಲಾಖೆ ಜೊತೆಗೆ, ಹಸಿದ ಹೊಟ್ಟೆ ನಮ್ಮದು."

"ಹಂಗಾದ್ರೆ ಬಾಯ್ಮುಚ್ಕೊಂಡು ಕೊಡ್ಲಾ?"

"ಬಾಯಿ ಬಿಡು ಅಂತಾನೇ ಹೇಳ್ತಿರೋದು. ಲೆಕ್ಕ ತಪ್ಪಿದೆ ಅಂತ ಆಕ್ಷೇಪಣೆ ಹಾಕು. ಗಡುವು ದಾಟಿಸ್ಬೇಡ. ತೀರ್ಮಾನ ಆಗೋವರೆಗೂ ವಸೂಲಿ ತಡೀರಿ ಅಂತ ಅದನ್ನೂ ಕೇಳು."

"ಆಕ್ಷೇಪಣೆ ಹಾಕಿದ್ರೆ ತಾನಾಗೇ ನಿಲ್ಲಲ್ವಾ?"

"ಇಲ್ಲ ಮಾರಾಯ! ಎಲ್ಲರೂ ಹಂಗಂದ್ಕೊಂಡೇ ಕೆಡೋದು. ಬೇರೆಯಾಗಿ ಕೇಳ್ಬೇಕು. ಕೇಳಿದ್ರೂ ಒಪ್ಪೇ ಒಪ್ತಾರೆ ಅಂತಿಲ್ಲ. ಮೊದಲು ಕರ್ಸ್ಟಿಗೆ ಫೋನ್ ಮಾಡು."

"ಅವಳಿಗಾ? ಅದಕ್ಕಿಂತ ಆ ಟಗರಿನ ಹತ್ರ ಇನ್ನೊಂದು ಸಲ ಒದೆಸ್ಕೋತೀನಿ."

"ಮಗು ಅವಳ ಹತ್ರ ಇದೆ, ಟಗರಿನ ಹತ್ರ ಅಲ್ಲ."

ಅಂದು ಸಂಜೆ ಅವನು ಫೋನ್ ಮಾಡಿದ. ಕರ್ಸ್ಟಿ ಪೂರ್ತಿ ಕೇಳಿಸಿಕೊಂಡಳು. "ಭುಜ ಹೋಗಿದ್ದು ನನಗ್ಯಾಕೆ ಹೇಳ್ಲಿಲ್ಲ? ಟೆಸ್ ಹಲ್ಲಿಗೆ ತಂತಿ ಹಾಕ್ಸಿದೀನಿ, ಕಂತು ಕಟ್ಬೇಕು. ನೀನು ಪೂರ್ತಿ ನಿಲ್ಲಿಸಿದ್ರೆ ನಾನೇನ್ ಮಾಡ್ಲಿ?"

ಹಲ್ಲಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. "ಪೂರ್ತಿ ನಿಲ್ಲಿಸಲ್ಲ ಕರ್ಸ್ಟಿ. ನನ್ನ ಕೈಲಾಗೋಷ್ಟು ಕೊಡ್ತಾನೇ ಇರ್ತೀನಿ."

ಉಚಿತ ಕಾನೂನು ಸಲಹೆ ಕೊಡುವವರ ನೆರವಿನಿಂದ ಆಕ್ಷೇಪಣೆ ಹಾಕಿದ. ವಸೂಲಿಗೆ ತಡೆಯನ್ನೂ ಕೇಳಿದ. ಆಗಲ್ಲ ಅಂದರು ಇಲಾಖೆಯವರು, ಡಾಕ್ಟರ ಪತ್ರ ಒಂದೇ ಸಾಲದು, ಈಗಿನ ಸಂಬಳಕ್ಕೂ ಪುರಾವೆ ಬೇಕಂತೆ. ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮಾಲೀಕನಿಂದ ಸಂಬಳದ ಚೀಟಿ ಪಡೆದು ಮತ್ತೆ ಕಳಿಸಿದ, ಮತ್ತೆ ಫೋನ್ ಮಾಡಿದ. ಈ ಸಲ ಒಪ್ಪಿದರು. ತೀರ್ಮಾನ ಬರುವವರೆಗೆ ಸಂಬಳದಿಂದ ಸಣ್ಣ ಪಾಲು ಮಾತ್ರ ಹಿಡಿಯುವುದೆಂದಾಯಿತು.

ಕೊನೆಗೆ ಆಕ್ಷೇಪಣೆಯ ತೀರ್ಮಾನ ಬಂದು ಮೊತ್ತ ಇಳಿಯಿತು. ಅವನು ಬಯಸಿದಷ್ಟಲ್ಲ. ತಡೆಯ ಕಾಲದಲ್ಲಿ ಕಡಿಮೆ ಬಿದ್ದದ್ದನ್ನೂ ಕಂತಿನಲ್ಲಿ ತುಂಬಬೇಕಿತ್ತು.

"ಸೋತ್ಯಾ?" ಅಂತ ಕೇಳಿದಳು ಗ್ಲೆನಿಸ್.

"ಇಲ್ಲ. ಇದು ನಾನು ಕೊಡಬಲ್ಲ ಮೊತ್ತ. ಕೊಡ್ತೀನಿ."

ಶಾಲೆಗೆ ರಜೆ ಬಂದಾಗ ಟೆಸ್ ಬಸ್ಸಿನಿಂದ ಇಳಿದು, ತಂತಿ ಹಾಕಿದ ಹಲ್ಲು ಅಷ್ಟೂ ಕಾಣುವಂತೆ ನಕ್ಕಳು. ರೋವನ್ ಅವಳ ಚೀಲವನ್ನು ಒಳ್ಳೆಯ ಭುಜಕ್ಕೆ ಏರಿಸಿಕೊಂಡ.

ಅಪ್ಪಂದಿರೇ, ಅಮ್ಮಂದಿರೇ, ಮೊತ್ತ ಸರಿಯಿಲ್ಲ ಅನ್ನಿಸಿದರೆ ಓಡಿಹೋಗಬೇಡಿ, ಅಡಗಿಕೊಳ್ಳಬೇಡಿ. ಗಡುವಿನೊಳಗೆ ಆಕ್ಷೇಪಣೆ ಹಾಕಿ. ವಸೂಲಿಗೆ ತಡೆಯನ್ನು ಬೇರೆಯಾಗಿ, ಪುರಾವೆ ಇಟ್ಟು ಕೇಳಿ. ಒಮ್ಮೆ ಇಲ್ಲ ಅಂದರೆ ಯಾಕೆಂದು ತಿಳಿದುಕೊಂಡು ಮತ್ತೆ ಕೇಳಿ. ತೀರ್ಮಾನ ಬರುವವರೆಗೂ ಕೈಲಾದಷ್ಟು ಕೊಡುತ್ತಿರಿ. ದೊಡ್ಡವರ ತಕರಾರು ಮುಗಿಯಲಿ ಅಂತ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ.