ಮೂರೂ ಮಂಜು

ಹಾಸಿಗೆ ಹಿಡಿದ ರೋಗಿಗಳ ಮನೆಗೇ ಒಯ್ಯಲು ಆ ಸಣ್ಣ ಆಸ್ಪತ್ರೆಗೆ ಅಂಗೈಯಗಲದ ಅಲ್ಟ್ರಾಸೌಂಡ್ ಯಂತ್ರವೊಂದು ಬೇಕಾಗಿತ್ತು. ನೋಡಿ ಆರಿಸಿಕೊಳ್ಳಿ ಎಂದು ಮೂರು ಕಂಪನಿಯವರು ಒಂದೊಂದು ಕಳಿಸಿದ್ದರು. ಯಾವುದರ ಚಿತ್ರ ಚೆನ್ನ ಎಂದು ತೀರ್ಮಾನಿಸುವ ಹೊಣೆ ಅಲ್ಲಿನ ಡಾಕ್ಟರಮ್ಮನದು. ಆಕೆಗೆ ಮೊದಲು ನೆನಪಾದದ್ದು ಮಾವ. ಅವರು ನಿವೃತ್ತ ಸ್ಕ್ಯಾನ್ ಡಾಕ್ಟರು. ಮದುವೆಗೆ ಮುಂಚೆಯೇ ಆಕೆಗೆ ಮೈಮೇಲೆ ಆಡಿಸುವ ಸ್ಕ್ಯಾನ್ ಪ್ರೋಬ್ ಹಿಡಿಯಲು ಕಲಿಸಿದ ಮೇಷ್ಟ್ರು. ಕಿಡ್ನಿಯಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಅದು ಅವರ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಭಾನುವಾರ ಆಸ್ಪತ್ರೆ ಖಾಲಿ. ರೋಗಿಯ ಬದಲು ಅತ್ತೆಯೇ ಮಂಚ ಹತ್ತಿ ಮಲಗಿದರು.

"ಅಯ್ಯೋ, ಜೆಲ್ ಎಷ್ಟು ತಣ್ಣಗಿದೆಯೇ! ಹೇಳಿ ಹಚ್ಚಬಾರದಾ?"

"ಉಸಿರು ಹಿಡ್ಕೊಳ್ಳಿ ಅತ್ತೆ."

"ಉಸಿರು ಹಿಡೀತೀನಿ, ಬಾಯಿ ಹಿಡಿಯೋದೇ ಕಷ್ಟ."

ಸೊಸೆ ಮೂರು ಯಂತ್ರಗಳಲ್ಲೂ ಅದೇ ಪಿತ್ತಕೋಶ, ಅದೇ ಕಿಡ್ನಿಯ ಚಿತ್ರ ತೆಗೆದು, ಕಂಪನಿಗಳ ಹೆಸರು ಮರೆಮಾಡಿ ಮಾವನ ಮುಂದಿಟ್ಟಳು. ಅವರು ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು.

"ಮೂರೂ ಮಂಜು ಕಣಮ್ಮ. ಆಟದ ಸಾಮಾನು. ವಾಪಸ್ ಕಳಿಸು."

ಆಕೆಗೆ ಅಚ್ಚರಿಯಾಯಿತು. ಎರಡನೆಯದರಲ್ಲಂತೂ ಪಿತ್ತಕೋಶದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು. ಹೋಲಿಕೆಗಿರಲಿ ಎಂದು ಆಸ್ಪತ್ರೆಯ ದೊಡ್ಡ ಯಂತ್ರದಲ್ಲೂ ಅದೇ ಜಾಗ ತೋರಿಸಿದಳು.

"ಇದೂ ಕೆಟ್ಟಿದೆ. ರಿಪೇರಿಯವನನ್ನ ಕರೆಸು."

ದೊಡ್ಡ ಯಂತ್ರಕ್ಕೆ ಏನೂ ಆಗಿರಲಿಲ್ಲ. ಆಕೆಯ ಕೈ ಅಲ್ಲೇ ನಿಂತಿತು. ನೋಡುವುದನ್ನು ಕಲಿಸಿದವರಿಗೆ ನಿಮಗೆ ಕಾಣುತ್ತಿಲ್ಲ ಎಂದು ಹೇಗೆ ಹೇಳುವುದು?

ಅತ್ತೆ ಗಂಡನ ಮುಖವನ್ನೇ ನೋಡುತ್ತಿದ್ದರು. "ರೀ, ಇಲ್ಲಿಂದ ನನಗೇ ಕಾಣ್ತಿದೆಯಲ್ಲ, ಕರಿ ಚೀಲದ ಹಾಗೆ," ಎಂದರು ಮೆಲ್ಲಗೆ. "ಈಚೆಗೆ ಪೇಪರ್ ನನ್ನ ಹತ್ರ ಓದಿಸ್ಕೋತೀರಿ. ನನ್ನ ದನಿ ಇಷ್ಟ ಆಯ್ತೇನೋ ಅಂತ ಬೀಗಿದ್ದೆ."

ಮಾವ ಕೈಲಿದ್ದ ಚಿತ್ರಗಳನ್ನು ಕೆಳಗಿಟ್ಟರು. "ನನಗೂ ಅನುಮಾನ ಇತ್ತು. ಒಪ್ಕೊಂಡ್ರೆ ಇನ್ನೇನುಳಿಯತ್ತೆ ಅಂತ ಭಯ. ಈ ಕಣ್ಣು ಬಿಟ್ರೆ ನನ್ನ ಹತ್ರ ಇನ್ನೇನಿದೆ?"

ಸೊಸೆ ಸ್ಟೂಲ್ ಎಳೆದು ಎದುರಿಗೆ ಕೂತು ಟಾರ್ಚ್ ಬಿಟ್ಟು ನೋಡಿದಳು. ಎರಡೂ ಕಣ್ಣಲ್ಲಿ ಪೊರೆ ಮಬ್ಬಾಗಿ ಕವಿದಿತ್ತು.

"ಮಾವ, ಇದು ಪೊರೆ. ಕಣ್ಣಿನ ಡಾಕ್ಟರಿಗೆ ತೋರಿಸಿ ತೆಗೆಸೋಣ. ನಾನೂ ಒಳಗೆ ಬಂದು ಕೈ ಹಿಡ್ಕೊಂಡು ಕೂತಿರ್ತೀನಿ. ಅಲ್ಲೀವರೆಗೂ ಈ ಮೂರೂ ಇಲ್ಲೇ ಇರ್ಲಿ, ಕಂಪನಿಯವರು ಕಾಯ್ತಾರೆ."

ಕಂಪನಿಯವರು ಫೋನ್ ಮೇಲೆ ಫೋನ್ ಮಾಡಿದರು. ಆಕೆ ಏನೋ ಒಂದು ನೆಪ ಹೇಳಿ ಸಾಗಹಾಕಿದಳು. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮುಗಿದು, ಗಾಯ ಮಾಗಿದ ಮೇಲೆ ಮಾವ ಮತ್ತೆ ಆ ಕೋಣೆಗೆ ಬಂದರು. ಚಿತ್ರಗಳ ಮೇಲೆ ಬಾಗಿದವರು ತಲೆ ಎತ್ತಲೇ ಇಲ್ಲ.

"ನನಗೆ ಎರಡನೇದೇ ಇಷ್ಟ," ಎಂದಳು ಸೊಸೆ.

"ಕಣ್ಣಿಗೆ ಚಂದ, ನಿಜ. ಆದ್ರೆ ಕಿಡ್ನಿ ನೋಡು, ಆಳಕ್ಕೆ ಹೋದ ಹಾಗೆ ಮಾಸತ್ತೆ. ದಪ್ಪ ಇರೋರಿಗೆ ಮೂರನೇದೇ ಸರಿ."

"ದಪ್ಪ ಅಂದಿದ್ದು ಯಾರಿಗೆ?" ಎಂದರು ಜೊತೆಗೆ ಬಂದಿದ್ದ ಅತ್ತೆ.

ಮಾವ ಸೊಸೆ ಇಬ್ಬರೂ ವಾದಿಸಿದರು, ನಕ್ಕರು, ಮತ್ತೆ ವಾದಿಸಿದರು. ಕೊನೆಗೆ ಮೂರನೆಯದೇ ಉಳಿಯಿತು. ಅದನ್ನು ಮೊದಲ ಸಲ ರೋಗಿಯೊಬ್ಬರ ಮನೆಗೆ ಒಯ್ಯುವಾಗ ಮಾವನೂ ಕಾರು ಹತ್ತಿದರು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದರು. ಆಕೆ ಬೇಕೆಂದೇ ನಿಧಾನವಾಗಿ ಓಡಿಸಿದಳು.